ಸ್ಪೀಕರ್ ಮೂಕ ಆದ್ರೆ ಬೋರ್ಡ್ ಹೋಯ್ತು ಅಂದ್ಕೋಬೇಡಿ: ಲಿನಕ್ಸ್‌ನಲ್ಲಿ ಸೌಂಡ್ ಕಾರ್ಡ್ ಪತ್ತೆ ಹಚ್ಚೋದು, ಡ್ರೈವರ್ ಹೊಂದಿಸೋದು ಹೇಗೆ?

ಮಂಚೇನಹಳ್ಳಿ: ಅಂಗಡಿಯ ಹಳೇ ಕಂಪ್ಯೂಟರ್‌ಗೆ ಲಿನಕ್ಸ್ ಹಾಕಿಸಿದ್ದಾಯ್ತು. ಸ್ಕ್ರೀನ್ ಬಂತು, ಇಂಟರ್ನೆಟ್ ಬಂತು, ಪ್ರಿಂಟರ್ ಕೂಡ ಮಾತು ಕೇಳ್ತು. ಸ್ಪೀಕರ್ ಮಾತ್ರ ಮೂಕ. ಇಂಥ ಹೊತ್ತಲ್ಲಿ ನೋಡಿದವರು ಹೇಳೋ ಮೊದಲನೇ ಮಾತು "ಸೌಂಡ್ ಕಾರ್ಡ್ ಹೋಗಿದೆ". ಎರಡನೇ ಮಾತು "ಬೋರ್ಡ್ ಬದಲಿಸಿ, ಇಲ್ಲಾಂದ್ರೆ ವಾಪಸ್ ವಿಂಡೋಸ್ ಹಾಕ್ಸಿ". ಎರಡಕ್ಕೂ ದುಡ್ಡು ಬೇಕು. ಆದರೆ ಸೌಂಡ್ ಬರ್ತಿಲ್ಲ ಅನ್ನೋದು ಒಂದೇ ಕಾಯಿಲೆ ಅಲ್ಲ. ಅದಕ್ಕೆ ನಾಲ್ಕು ಬೇರೆ ಬೇರೆ ಕಾರಣ ಇರಬಹುದು, ಅದರಲ್ಲಿ ಒಂದರಲ್ಲಿ ಮಾತ್ರ ಸಾಮಾನು ಕೊಳ್ಳೋ ಪ್ರಶ್ನೆ ಬರುತ್ತೆ. ಯಾವ ಕಾರಣ ಅಂತ ಕಂಪ್ಯೂಟರನ್ನೇ ಕೇಳಿ ತಿಳ್ಕೊಳ್ಳೋಕೆ ಹತ್ತು ನಿಮಿಷ ಸಾಕು, ಖರ್ಚು ಏನೂ ಇಲ್ಲ.

ಈಗ ಯಾಕೆ ಈ ಮಾತು?

2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10ಕ್ಕೆ ಕೊಡ್ತಿದ್ದ ಸಾಮಾನ್ಯ ಬೆಂಬಲ ನಿಲ್ಲಿಸಿತು. ಪ್ರತ್ಯೇಕವಾಗಿ ನೋಂದಣಿ ಮಾಡಿಕೊಂಡವರಿಗೆ ಮಾತ್ರ ಭದ್ರತಾ ಅಪ್‌ಡೇಟ್ ಇನ್ನೊಂದಿಷ್ಟು ಕಾಲ ಸಿಗುತ್ತೆ. ವಿಂಡೋಸ್ 11 ಹಾಕಿಸೋಣ ಅಂದ್ರೆ ಅದು ಟಿಪಿಎಂ 2.0 ಅನ್ನೋ ಭದ್ರತಾ ಚಿಪ್ ಕೇಳುತ್ತೆ. ಇಂಟೆಲ್ ಪ್ರೊಸೆಸರ್ ಆದ್ರೆ ಎಂಟನೇ ತಲೆಮಾರಿನದ್ದೋ ಅದಕ್ಕಿಂತ ಹೊಸದೋ ಆಗಿರಬೇಕು ಅನ್ನುತ್ತೆ.

ಝೆರಾಕ್ಸ್ ಅಂಗಡಿ, ಆನ್‌ಲೈನ್ ಸೆಂಟರ್, ಫೋಟೋ ಸ್ಟುಡಿಯೋ, ಟ್ಯೂಷನ್ ಕೊಠಡಿಗಳಲ್ಲಿ ಓಡ್ತಿರೋ ಮೂರನೇ, ನಾಲ್ಕನೇ ತಲೆಮಾರಿನ ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್‌ಗಳು ಈ ಲೆಕ್ಕಕ್ಕೆ ಬರೋದೇ ಇಲ್ಲ. ಬೆಂಗಳೂರಿನ ಎಸ್‌ಪಿ ರೋಡಿಂದ ತಂದು ಜೋಡಿಸಿಕೊಂಡ ಪೆಟ್ಟಿಗೆಗಳು ಇವು. ಕೆಲಸಕ್ಕೆ ಗಟ್ಟಿಯಾಗೇ ಇವೆ. ಹಾಗಾಗಿ ದುಡ್ಡಿಲ್ಲದೆ ಸಿಗೋ ಲಿನಕ್ಸ್ ಮಿಂಟ್, ಉಬುಂಟು ಕಡೆ ಜನ ನೋಡ್ತಿದ್ದಾರೆ.

ಸೌಂಡ್ ಇಲ್ದಿದ್ರೆ ಏನಾಯ್ತು ಅನ್ನಬಹುದು. ಬಿಲ್ ಹಾಕೋಕೆ ಸೌಂಡ್ ಬೇಡ, ನಿಜ. ಆದರೆ ಆಟೋ ಮೇಲೆ ಮೈಕ್ ಕಟ್ಟಿ ಹೊರಡೋ ಪ್ರಚಾರದ ಧ್ವನಿ ರೆಕಾರ್ಡ್ ಮಾಡೋರಿಗೆ, ಮದುವೆ ವಿಡಿಯೋ ಎಡಿಟ್ ಮಾಡೋರಿಗೆ, ಆನ್‌ಲೈನ್ ಕ್ಲಾಸ್ ಕೇಳೋ ಮಕ್ಕಳಿಗೆ ಸೌಂಡ್ ಇಲ್ಲದ ಕಂಪ್ಯೂಟರ್ ಅರ್ಧ ಕಂಪ್ಯೂಟರ್. ಕಣ್ಣು ಕಾಣದವರಿಗಂತೂ ಅದು ಕಂಪ್ಯೂಟರೇ ಅಲ್ಲ. ಲಿನಕ್ಸ್‌ನಲ್ಲಿ ಪರದೆ ಮೇಲಿರೋದನ್ನ ಓದಿ ಹೇಳೋ ಓರ್ಕಾ ಅನ್ನೋ ತಂತ್ರಾಂಶ ಇದೆ. ಅದರ ಜೊತೆ ಕೆಲಸ ಮಾಡೋ ಇಸ್ಪೀಕ್ ಎನ್‌ಜಿ ಕನ್ನಡವನ್ನೂ ಓದುತ್ತೆ. ಸೌಂಡ್ ಕಾರ್ಡ್ ಸಿಗದಿದ್ರೆ ಇವೆಲ್ಲಾ ಇದ್ದೂ ಇಲ್ಲದ ಹಾಗೆ.

ಡ್ರೈವರ್ ಸಿಡಿ ಎಲ್ಲಿ ಅಂತ ಹುಡುಕಬೇಡಿ

ವಿಂಡೋಸ್ ಬಳಸಿ ರೂಢಿ ಇರೋರಿಗೆ ಡ್ರೈವರ್ ಅಂದ್ರೆ ಬೋರ್ಡ್ ಜೊತೆ ಬಂದ ಸಿಡಿ, ಇಲ್ಲಾ ಕಂಪನಿ ವೆಬ್‌ಸೈಟಿಂದ ಇಳಿಸಿಕೊಳ್ಳೋ ಫೈಲ್. ಲಿನಕ್ಸ್‌ನಲ್ಲಿ ಪದ್ಧತಿ ಬೇರೆ. ಸೌಂಡ್ ಕಾರ್ಡ್‌ಗಳ ಡ್ರೈವರ್‌ಗಳು ಬಹುತೇಕ ಲಿನಕ್ಸ್‌ನ ತಿರುಳಾದ ಕರ್ನಲ್ ಜೊತೆಗೇ ಬಂದಿರುತ್ತವೆ. ಒಂದೊಂದು ಡ್ರೈವರೂ ಒಂದೊಂದು ಮಾಡ್ಯೂಲ್, ಅಂದ್ರೆ ಬೇಕಾದಾಗ ಎತ್ತಿ ಸೇರಿಸಿಕೊಳ್ಳೋ ತುಂಡು. ನಮ್ಮ ಕೆಲಸ ಡ್ರೈವರ್ ಹುಡುಕಿ ತರೋದಲ್ಲ. ಇರೋ ಡ್ರೈವರ್ ನಮ್ಮ ಕಾರ್ಡ್‌ಗೆ ಅಂಟಿಕೊಂಡಿದೆಯಾ ಅಂತ ನೋಡೋದು.

ಅದು ಅಂಟಿಕೊಳ್ಳೋದು ಹೇಗೆ? ಕೆಎ 40 ಅನ್ನೋ ನಂಬರ್ ಪ್ಲೇಟ್ ಕಂಡ ಕೂಡಲೇ ಚಿಕ್ಕಬಳ್ಳಾಪುರ ಆರ್‌ಟಿಓ ಗಾಡಿ ಅಂತ ನಮಗೆ ಗೊತ್ತಾಗುತ್ತೆ. ಮುಂದಿನ ಅಂಕಿ ನೋಡಿದ್ರೆ ಅದು ಯಾವ ಗಾಡಿ ಅಂತಲೂ ಪತ್ತೆ ಹಚ್ಚಬಹುದು. ಕಂಪ್ಯೂಟರ್ ಒಳಗಿನ ಪ್ರತಿ ಚಿಪ್‌ಗೂ ಇಂಥದ್ದೇ ಎರಡು ಭಾಗದ ನಂಬರ್ ಇದೆ. ಮೊದಲ ಭಾಗ ತಯಾರಿಸಿದ ಕಂಪನಿಯದು, ಎರಡನೇ ಭಾಗ ಆ ಮಾದರಿಯದು. 8086 ಅಂದ್ರೆ ಇಂಟೆಲ್. 1978ರಲ್ಲಿ ಬಂದ ಅದರ ಪ್ರಸಿದ್ಧ ಪ್ರೊಸೆಸರಿನ ಹೆಸರೇ ಅದು. 1022 ಮತ್ತು 1002 ಎಎಂಡಿಯವು. 10ಡಿಇ ಅಂದ್ರೆ ಎನ್‌ವಿಡಿಯಾ. ಈ ನಂಬರ್‌ಗಳಲ್ಲಿ ಅಂಕಿಗಳ ಜೊತೆ ಇಂಗ್ಲಿಷಿನ ಎ ಯಿಂದ ಎಫ್ ತನಕ ಅಕ್ಷರಗಳೂ ಸೇರಿರುತ್ತವೆ.

ಕರ್ನಲ್ ಜೊತೆ ಬಂದ ಪ್ರತಿ ಡ್ರೈವರ್ "ಈ ಈ ನಂಬರಿನ ಚಿಪ್ ನಾನು ನೋಡ್ಕೋತೀನಿ" ಅಂತ ಪಟ್ಟಿ ಇಟ್ಟುಕೊಂಡಿರುತ್ತೆ. ಕಂಪ್ಯೂಟರ್ ಆನ್ ಆದಾಗ ಚಿಪ್ ತನ್ನ ನಂಬರ್ ಹೇಳುತ್ತೆ, ಲಿನಕ್ಸ್ ಪಟ್ಟಿ ತಿರುವಿ ಹಾಕುತ್ತೆ, ಹೊಂದೋ ಡ್ರೈವರನ್ನ ಎಬ್ಬಿಸಿ ಕೂರಿಸುತ್ತೆ. ಇದೆಲ್ಲ ಕೆಲವೇ ಕ್ಷಣದ ಕೆಲಸ.

ಮೊದಲು ಇಷ್ಟು ಸುಲಭ ಇರಲಿಲ್ಲ. 1990ರ ದಶಕದ ಸೌಂಡ್ ಬ್ಲಾಸ್ಟರ್ ಥರದ ಕಾರ್ಡ್‌ಗಳಿಗೆ ಪೋರ್ಟ್ 220, ಐಆರ್‌ಕ್ಯೂ 5, ಡಿಎಂಎ 1 ಅಂತ ನಾವೇ ಬರೆದು ಕೊಡಬೇಕಿತ್ತು. ಒಂದು ಅಂಕಿ ತಪ್ಪಿದ್ರೂ ಸದ್ದಿಲ್ಲ. 1998ರಲ್ಲಿ ಯಾರೊಸ್ಲಾವ್ ಕಿಸೆಲಾ ಅನ್ನೋ ಝೆಕ್ ದೇಶದವರು ಆಲ್ಸಾ ಅನ್ನೋ ಯೋಜನೆ ಶುರು ಮಾಡಿದ್ರು. 2003ರ ಡಿಸೆಂಬರಲ್ಲಿ ಬಂದ ಲಿನಕ್ಸ್ ಕರ್ನಲ್ 2.6ರಲ್ಲಿ ಅದೇ ಮುಖ್ಯ ಸೌಂಡ್ ವ್ಯವಸ್ಥೆ ಆಯ್ತು. 2004ರಲ್ಲಿ ಇಂಟೆಲ್ ಎಚ್‌ಡಿ ಆಡಿಯೋ ಅನ್ನೋ ಮಾನದಂಡ ತಂದಿತು. ನಮ್ಮ ಕಡೆ ಓಡ್ತಿರೋ ಹಳೇ ಡೆಸ್ಕ್‌ಟಾಪ್‌ಗಳು ಬಹುತೇಕ ಇದೇ ಮಾನದಂಡದವು. ಅವುಗಳಿಗೆ ಎಸ್‌ಎನ್‌ಡಿ ಎಚ್‌ಡಿಎ ಇಂಟೆಲ್ ಅನ್ನೋ ಒಂದೇ ಡ್ರೈವರ್ ಸಾಕು. ಹೆಸರಲ್ಲಿ ಇಂಟೆಲ್ ಇದ್ರೂ ಎಎಂಡಿ ಬೋರ್ಡಿಗೂ ಅದೇ ಬರುತ್ತೆ, ಗಾಬರಿ ಬೇಡ.

ಮೊದಲು ವೈರ್, ಆಮೇಲೆ ಡ್ರೈವರ್

ಕಂಪ್ಯೂಟರನ್ನ ಪ್ರಶ್ನೆ ಕೇಳೋ ಮುಂಚೆ ಹೊರಗಿನದನ್ನ ಮುಗಿಸಿಬಿಡಿ. ಸ್ಪೀಕರ್ ಪಿನ್ನನ್ನ ಮೊಬೈಲಿಗೆ ಚುಚ್ಚಿ ಹಾಡು ಹಾಕಿ. ಅಲ್ಲೂ ಬರಲಿಲ್ಲ ಅಂದ್ರೆ ತಪ್ಪು ಸ್ಪೀಕರ್‌ದು. ಪೆಟ್ಟಿಗೆ ಹಿಂದೆ ಹಸಿರು ಬಣ್ಣದ ತೂತು ಸ್ಪೀಕರಿಗೆ, ಗುಲಾಬಿ ಮೈಕಿಗೆ, ನೀಲಿ ಹೊರಗಿನಿಂದ ಸೌಂಡ್ ಒಳಗೆ ತರೋಕೆ. ಮುಂದಿನ ತೂತು ಬೋರ್ಡಿಗೆ ಸಣ್ಣ ವೈರಿನಿಂದ ಸೇರಿರುತ್ತೆ. ಜೋಡಿಸುವಾಗ ಆ ವೈರ್ ಸಿಕ್ಕಿಸದೆ ಬಿಟ್ಟಿದ್ರೆ ಮುಂದೆ ಯಾವತ್ತೂ ಸೌಂಡ್ ಬರಲ್ಲ. ಅದಕ್ಕೆ ಪರೀಕ್ಷೆ ಹಿಂದಿನ ಹಸಿರು ತೂತಿಂದಲೇ ಮಾಡಿ.

ಇನ್ನೂ ಲಿನಕ್ಸ್ ಹಾಕಿಸಿಲ್ಲ, ಯೋಚನೆ ಮಾತ್ರ ಇದೆ ಅನ್ನೋರಿಗೆ ಇನ್ನೊಂದು ದಾರಿ ಇದೆ. ಮಿಂಟ್, ಉಬುಂಟು ಎರಡನ್ನೂ ಪೆನ್‌ಡ್ರೈವಿಂದಲೇ ಓಡಿಸಿ ನೋಡಬಹುದು. ಹಾರ್ಡ್ ಡಿಸ್ಕಲ್ಲಿರೋ ವಿಂಡೋಸಿಗೆ ಕೈ ಹಾಕೋದೇ ಬೇಡ. ಕೆಳಗೆ ಹೇಳಿರೋ ಪರೀಕ್ಷೆಗಳನ್ನ ಪೆನ್‌ಡ್ರೈವಲ್ಲೇ ಮಾಡಿ, ಸೌಂಡ್ ಬಂದ್ರೆ ಮಾತ್ರ ಇನ್‌ಸ್ಟಾಲ್ ಮಾಡಿಸಿ. ಹಾಕಿಕೊಡೋರಿಗೂ ಮೊದಲೇ ಹೇಳಿಬಿಡಿ, "ಸೌಂಡ್ ತೋರಿಸಿ, ಆಮೇಲೆ ಇನ್‌ಸ್ಟಾಲ್" ಅಂತ.

ಪರೀಕ್ಷೆಗೆ ಟರ್ಮಿನಲ್ ಅನ್ನೋ ಕಪ್ಪು ಕಿಟಕಿ ಬೇಕು. ಕಂಟ್ರೋಲ್, ಆಲ್ಟ್, ಟಿ ಮೂರೂ ಒಟ್ಟಿಗೆ ಒತ್ತಿದ್ರೆ ತೆರೆಯುತ್ತೆ. ಇಲ್ಲಿ ಆಜ್ಞೆಗಳನ್ನ ಒಂದೊಂದೇ ಅಕ್ಷರವಾಗಿ ಕನ್ನಡದಲ್ಲಿ ಬರೆದಿದ್ದೀವಿ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರದಲ್ಲಿ, ಅಕ್ಷರಗಳ ಮಧ್ಯೆ ಜಾಗ ಬಿಡದೆ ಟೈಪ್ ಮಾಡಿ, ಎಂಟರ್ ಒತ್ತಿ. ಈ ಆಜ್ಞೆಗಳು ನೋಡಿ ಹೇಳುತ್ತವೆ ಅಷ್ಟೇ, ಏನನ್ನೂ ಅಳಿಸಲ್ಲ.

ಪ್ರಶ್ನೆ 1: ಕಾರ್ಡ್ ಕಣ್ಣಿಗೆ ಬಿದ್ದಿದೆಯಾ?

ಆಜ್ಞೆ: ಎಲ್ ಎಸ್ ಪಿ ಸಿ ಐ. ಆಮೇಲೆ ಒಂದು ಜಾಗ ಬಿಟ್ಟು, ಮೈನಸ್ ಗುರುತು ಹಾಕಿ, ಅದಕ್ಕೆ ಅಂಟಿಕೊಂಡ ಹಾಗೆ ಎನ್ ಎನ್ ಕೆ.

ಉದ್ದದ ಪಟ್ಟಿ ಬರುತ್ತೆ. ಅದರಲ್ಲಿ "ಆಡಿಯೋ ಡಿವೈಸ್" ಅಥವಾ "ಮಲ್ಟಿಮೀಡಿಯಾ ಆಡಿಯೋ ಕಂಟ್ರೋಲರ್" ಅನ್ನೋ ಸಾಲು ಹುಡುಕಿ. ಸಾಲಿನ ಕೊನೇಲಿ ಚೌಕ ಕಂಸದ ಒಳಗೆ ಮೇಲೆ ಹೇಳಿದ ನಂಬರ್ ಇರುತ್ತೆ. ಉದಾಹರಣೆಗೆ 8086:1ಸಿ20 ಅಂತಿದ್ರೆ ಅದು ಇಂಟೆಲ್ 6 ಸರಣಿ ಚಿಪ್‌ಸೆಟ್‌ನ ಸೌಂಡ್ ಭಾಗ. ಈ ನಂಬರನ್ನ ಒಂದು ಚೀಟೀಲಿ ಬರ್ಕೊಳ್ಳಿ, ಮುಂದೆ ಯಾರ ಹತ್ರ ಸಹಾಯ ಕೇಳಿದ್ರೂ ಅವರು ಮೊದಲು ಕೇಳೋದು ಇದನ್ನೇ. ಯುಎಸ್‌ಬಿಗೆ ಚುಚ್ಚೋ ಸೌಂಡ್ ಕಾರ್ಡ್ ಅಥವಾ ಹೆಡ್‌ಸೆಟ್ ಆದ್ರೆ ಎಲ್ ಎಸ್ ಯು ಎಸ್ ಬಿ ಅನ್ನೋ ಆಜ್ಞೆ ಕೊಡಿ. ಅಲ್ಲಿ "ಐಡಿ" ಅನ್ನೋ ಪದದ ಪಕ್ಕದಲ್ಲೇ ನಂಬರ್ ಸಿಗುತ್ತೆ.

ಆಡಿಯೋ ಅನ್ನೋ ಸಾಲು ಎರಡು ಕಡೆ ಕಂಡ್ರೆ ಆಶ್ಚರ್ಯ ಬೇಡ. ಒಂದು ಬೋರ್ಡಿನದು, ಇನ್ನೊಂದು ಎಚ್‌ಡಿಎಂಐ ಕೇಬಲ್ ಮೂಲಕ ಟಿವಿ ಅಥವಾ ಮಾನಿಟರಿಗೆ ಸೌಂಡ್ ಕಳಿಸೋದು. ನಾಲ್ಕನೇ ಪ್ರಶ್ನೆಗೆ ಬಂದಾಗ ಇದು ಬೇಕಾಗುತ್ತೆ, ನೆನಪಿಟ್ಕೊಳ್ಳಿ.

ಒಂದು ಸಾಲೂ ಇಲ್ವಾ? ಹಾಗಾದ್ರೆ ಲಿನಕ್ಸ್‌ಗೆ ಕಾರ್ಡ್ ಇರೋದೇ ಗೊತ್ತಿಲ್ಲ. ಇಲ್ಲಿ ಡ್ರೈವರ್ ಹುಡುಕಿ ಪ್ರಯೋಜನ ಇಲ್ಲ. ಮೊದಲು ಬಯೋಸ್ ನೋಡಬೇಕು. ಆಫೀಸುಗಳಿಂದ ಬಂದ ಸೆಕೆಂಡ್ ಹ್ಯಾಂಡ್ ಪೆಟ್ಟಿಗೆಗಳಲ್ಲಿ ಸೌಂಡನ್ನ ಬಯೋಸಲ್ಲೇ ಆಫ್ ಮಾಡಿಟ್ಟಿರೋ ಸಾಧ್ಯತೆ ಇದೆ. ಆನ್ ಮಾಡೋವಾಗ ಡೆಲ್ ಆದ್ರೆ ಎಫ್2, ಎಚ್‌ಪಿ ಡೆಸ್ಕ್‌ಟಾಪ್ ಆದ್ರೆ ಎಫ್10, ಲೆನೋವೋ ಥಿಂಕ್‌ಸೆಂಟರ್ ಆದ್ರೆ ಎಫ್1 ಒತ್ತಿ ಒಳಗೆ ಹೋಗಿ, ಆಡಿಯೋ ಅನ್ನೋದು "ಎನೇಬಲ್ಡ್" ಆಗಿದೆಯಾ ನೋಡಿ. ಎನೇಬಲ್ ಮಾಡಿದ ಮೇಲೂ ಪಟ್ಟೀಲಿ ಬರದಿದ್ರೆ ಆಗ ಮಾತ್ರ ಚಿಪ್ ಹೋಗಿರೋ ಅನುಮಾನ ಪಡಬೇಕು.

ಪ್ರಶ್ನೆ 2: ಡ್ರೈವರ್ ಅಂಟಿಕೊಂಡಿದೆಯಾ?

ಅದೇ ಪಟ್ಟೀಲಿ ಆಡಿಯೋ ಸಾಲಿನ ಕೆಳಗೆ ಎರಡು ಸಾಲು ನೋಡಿ. ಒಂದು "ಕರ್ನಲ್ ಡ್ರೈವರ್ ಇನ್ ಯೂಸ್", ಇನ್ನೊಂದು "ಕರ್ನಲ್ ಮಾಡ್ಯೂಲ್ಸ್". ಮೊದಲನೇದು ಈಗ ಕೆಲಸ ಮಾಡ್ತಿರೋ ಡ್ರೈವರ್. ಎರಡನೇದು ಪಟ್ಟೀಲಿ ಹೊಂದೋ ಡ್ರೈವರ್.

ಎರಡೂ ಇದ್ರೆ ಹೊಂದಾಣಿಕೆ ಆಗಿದೆ ಅಂತ ಅರ್ಥ, ಮುಂದಿನ ಪ್ರಶ್ನೆಗೆ ಹೋಗಿ.

ಎರಡನೇದು ಮಾತ್ರ ಇದ್ದು ಮೊದಲನೇದು ಇಲ್ಲ ಅಂದ್ರೆ, ಡ್ರೈವರ್ ಇದೆ ಆದರೆ ಎದ್ದಿಲ್ಲ. ಯಾರೋ ಹಿಂದೆ ಅದನ್ನ ತಡೆಪಟ್ಟಿಗೆ ಹಾಕಿರಬಹುದು, ಇಲ್ಲಾ ಏಳೋಕೆ ಹೋಗಿ ಬಿದ್ದಿರಬಹುದು. ಒಮ್ಮೆ ಪೂರ್ತಿ ಆಫ್ ಮಾಡಿ, ಪ್ಲಗ್ ತೆಗೆದು ಮತ್ತೆ ಆನ್ ಮಾಡಿ. ಆದ್ರೂ ಬರದಿದ್ರೆ ಪೆನ್‌ಡ್ರೈವಿಂದ ಓಡಿಸಿ ನೋಡಿ. ಪೆನ್‌ಡ್ರೈವಲ್ಲಿ ಸೌಂಡ್ ಬಂತು, ಹಾರ್ಡ್ ಡಿಸ್ಕಲ್ಲಿ ಬರಲ್ಲ ಅಂದ್ರೆ ಸಾಮಾನು ಸರಿ ಇದೆ. ತಪ್ಪು ಇನ್‌ಸ್ಟಾಲ್ ಆಗಿರೋದರಲ್ಲಿದೆ.

ಎರಡೂ ಸಾಲು ಇಲ್ಲ ಅಂದ್ರೆ ಈ ಕರ್ನಲ್‌ಗೆ ಆ ನಂಬರ್ ಪರಿಚಯ ಇಲ್ಲ. ಹಳೇ ಡೆಸ್ಕ್‌ಟಾಪಲ್ಲಿ ಇದು ಅಪರೂಪ. ಹೊಸ ಲ್ಯಾಪ್‌ಟಾಪಿಗೆ ಹಳೇ ಆವೃತ್ತಿಯ ಲಿನಕ್ಸ್ ಹಾಕಿದಾಗ ಆಗುತ್ತೆ. ಪರಿಹಾರ ಹೊಸ ಕರ್ನಲ್. ಮಿಂಟಲ್ಲಿ ಅಪ್‌ಡೇಟ್ ಮ್ಯಾನೇಜರ್ ತೆರೆದು, "ವ್ಯೂ" ಮೆನುವಿನ "ಲಿನಕ್ಸ್ ಕರ್ನಲ್ಸ್" ಅನ್ನೋದಕ್ಕೆ ಹೋದ್ರೆ ಹೊಸದು ಹಾಕ್ಕೋಬಹುದು. ಹಳೇ ಕರ್ನಲ್ ಹಾಗೇ ಉಳಿದಿರುತ್ತೆ, ಸರಿ ಹೋಗದಿದ್ರೆ ವಾಪಸ್ ಬರಬಹುದು.

ಪ್ರಶ್ನೆ 3: ಡ್ರೈವರ್ ಕಾರ್ಡನ್ನ ಪೂರ್ತಿ ಎಬ್ಬಿಸಿದೆಯಾ?

ಆಜ್ಞೆ: ಎ ಪಿ ಎಲ್ ಎ ವೈ. ಒಂದು ಜಾಗ ಬಿಟ್ಟು ಮೈನಸ್, ಅದಕ್ಕೆ ಅಂಟಿ ಎಲ್ ಅಕ್ಷರ. ಅದು ಎಲ್, ಒಂದು ಅನ್ನೋ ಅಂಕಿ ಅಲ್ಲ.

"ಕಾರ್ಡ್ 0", "ಕಾರ್ಡ್ 1" ಅಂತ ಸಾಲುಗಳು ಬಂದ್ರೆ ಕಾರ್ಡ್ ಸಿದ್ಧ ಇದೆ. ಅದರಲ್ಲೇ ಎಎಲ್‌ಸಿ ಅಂತ ಶುರುವಾಗಿ 662, 887, 269 ಥರದ ಸಂಖ್ಯೆ ಕಾಣಬಹುದು. ಅದು ಬೋರ್ಡ್ ಮೇಲಿರೋ ರಿಯಲ್‌ಟೆಕ್ ಕಂಪನಿಯ ಸಣ್ಣ ಚಿಪ್, ಕೋಡೆಕ್ ಅಂತಾರೆ. ಸೌಂಡ್ ಕಾರ್ಡ್ ಅಂತ ನಾವು ಕರೆಯೋದರಲ್ಲಿ ನಿಜಕ್ಕೂ ಎರಡು ಪಾತ್ರ ಇವೆ. ಕಂಟ್ರೋಲರ್ ಲೆಕ್ಕ ಸಾಗಿಸೋ ಲಾರಿ ಥರ. ಕೋಡೆಕ್ ಆ ಲೆಕ್ಕವನ್ನ ಸ್ಪೀಕರಿಗೆ ಕೇಳೋ ಸದ್ದಾಗಿ ಇಳಿಸೋ ಹಮಾಲಿ ಥರ. ಮೊದಲ ಪ್ರಶ್ನೇಲಿ ಕಂಡದ್ದು ಲಾರಿ ಮಾತ್ರ. ಹಮಾಲಿ ಬಂದಿದ್ದಾನಾ ಅಂತ ಗೊತ್ತಾಗೋದು ಇಲ್ಲಿ.

"ನೋ ಸೌಂಡ್‌ಕಾರ್ಡ್ಸ್ ಫೌಂಡ್" ಅಂತ ಬಂದ್ರೆ, ಅಥವಾ ಸೌಂಡ್ ಸೆಟ್ಟಿಂಗ್‌ನಲ್ಲಿ "ಡಮ್ಮಿ ಔಟ್‌ಪುಟ್" ಅಂತ ಕಂಡ್ರೆ, ಕಾರ್ಡ್ ಕೆಲಸಕ್ಕೆ ಸಿಕ್ಕಿಲ್ಲ ಅಂತ ಅರ್ಥ. ಡಮ್ಮಿ ಅನ್ನೋದು ಲಿನಕ್ಸ್ ಸುಮ್ನೆ ಇಟ್ಟಿರೋ ಗೊಂಬೆ. ಸೌಂಡ್ ಅದರೊಳಗೆ ಹೋಗುತ್ತೆ, ಹೊರಗೆ ಬರಲ್ಲ.

ಈಚಿನ ವರ್ಷಗಳ ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಇದಕ್ಕೆ ಒಂದು ಸಾಮಾನ್ಯ ಕಾರಣ ಫರ್ಮ್‌ವೇರ್. ಇವುಗಳಲ್ಲಿ ಸೌಂಡಿಗೆ ಬೇರೆಯೇ ಒಂದು ಸಣ್ಣ ಪ್ರೊಸೆಸರ್ ಇರುತ್ತೆ. ಅದು ಏಳಬೇಕಾದ್ರೆ ಸೌಂಡ್ ಓಪನ್ ಫರ್ಮ್‌ವೇರ್, ಚಿಕ್ಕದಾಗಿ ಎಸ್‌ಒಎಫ್ ಅನ್ನೋ ಫೈಲ್ ಬೇಕು. ಎರಡನೇ ಪ್ರಶ್ನೇಲಿ ಡ್ರೈವರ್ ಹೆಸರು ಎಸ್‌ಒಎಫ್ ಅಂತ ಶುರುವಾಗಿದ್ರೆ ನಿಮ್ಮದು ಈ ಜಾತಿ. ಉಬುಂಟು, ಮಿಂಟ್, ಡೆಬಿಯನ್‌ಗಳಲ್ಲಿ ಫರ್ಮ್‌ವೇರ್ ಎಸ್‌ಒಎಫ್ ಸೈನ್ಡ್ ಅನ್ನೋ ಪ್ಯಾಕೇಜ್ ಇದೆ. ಸಾಫ್ಟ್‌ವೇರ್ ಮ್ಯಾನೇಜರಲ್ಲಿ ಹುಡುಕಿ ಹಾಕಿ, ಒಮ್ಮೆ ರೀಸ್ಟಾರ್ಟ್ ಮಾಡಿ. ಡೆಬಿಯನ್ ಬಳಸೋರು 12ನೇ ಆವೃತ್ತಿ ಅಥವಾ ಅದಕ್ಕಿಂತ ಹೊಸದನ್ನ ಆರಿಸ್ಕೊಳ್ಳಿ. 2023ರಲ್ಲಿ ಬಂದ ಆ ಆವೃತ್ತಿಯಿಂದ ಇಂಥ ಫರ್ಮ್‌ವೇರ್‌ಗಳು ಇನ್‌ಸ್ಟಾಲ್ ಮಾಡೋ ಫೈಲಿನ ಜೊತೆಗೇ ಬರುತ್ತವೆ.

ಹೆಡ್‌ಫೋನಲ್ಲಿ ಸೌಂಡ್ ಬರುತ್ತೆ, ಲ್ಯಾಪ್‌ಟಾಪಿನ ಸ್ವಂತ ಸ್ಪೀಕರಲ್ಲಿ ಬರಲ್ಲ ಅನ್ನೋದು ಇನ್ನೊಂದು ದೂರು. ಒಂದೇ ಕೋಡೆಕ್ಕನ್ನ ಬೇರೆ ಬೇರೆ ಕಂಪನಿ ಬೇರೆ ಬೇರೆ ಥರ ವೈರ್ ಮಾಡಿರುತ್ತೆ. ಯಾವ ಮಾದರೀಲಿ ಹೇಗೆ ಅಂತ ಕರ್ನಲ್ ಒಳಗೆ ಒಂದು ಪಟ್ಟಿ ಇದೆ, ಅದು ಪ್ರತಿ ಆವೃತ್ತೀಲೂ ಬೆಳೀತಾ ಹೋಗುತ್ತೆ. ಇಲ್ಲೂ ಮೊದಲು ಮಾಡಬೇಕಾದ್ದು ಹೊಸ ಕರ್ನಲ್ ಹಾಕಿ ನೋಡೋದು.

ಪ್ರಶ್ನೆ 4: ಸೌಂಡ್ ಯಾವ ಕಡೆ ಹೋಗ್ತಿದೆ?

ಮೂರೂ ಸರಿ ಇದ್ದೂ ಸ್ಪೀಕರ್ ಮೂಕ ಅಂದ್ರೆ ಕಾರ್ಡ್ ಕೆಲಸ ಮಾಡ್ತಿದೆ, ಸೌಂಡ್ ಬೇರೆ ಕಡೆ ಹೋಗ್ತಿದೆ ಅಥವಾ ದಾರೀಲಿ ಮುಚ್ಚಿಹೋಗಿದೆ. ಹಳೇ ಡೆಸ್ಕ್‌ಟಾಪ್‌ಗಳಲ್ಲಿ ಮೊದಲು ಅನುಮಾನ ಪಡಬೇಕಾದ ಜಾಗ ಇದೇ.

ಸೌಂಡ್ ಸೆಟ್ಟಿಂಗ್ ತೆರೆದು "ಔಟ್‌ಪುಟ್" ನೋಡಿ. ಅಲ್ಲಿ "ಎಚ್‌ಡಿಎಂಐ" ಆಯ್ಕೆ ಆಗಿದ್ದು, ನಿಮ್ಮ ಮಾನಿಟರಿಗೆ ಸ್ಪೀಕರೇ ಇಲ್ಲ ಅಂದ್ರೆ ಸೌಂಡ್ ಗೋಡೆಗೆ ಹೇಳಿದ ಹಾಗೆ. "ಲೈನ್ ಔಟ್" ಅಥವಾ "ಅನಲಾಗ್ ಸ್ಟೀರಿಯೋ" ಆರಿಸಿ. ಅಲ್ಲಿ ಆ ಹೆಸರೇ ಕಾಣದಿದ್ರೆ ಪಲ್ಸ್ ಆಡಿಯೋ ವಾಲ್ಯೂಮ್ ಕಂಟ್ರೋಲ್ ಅನ್ನೋ ತಂತ್ರಾಂಶ ಹಾಕಿ, ಅದರ "ಕಾನ್ಫಿಗರೇಷನ್" ಪುಟದಲ್ಲಿ ಕಾರ್ಡಿನ ಪ್ರೊಫೈಲ್ "ಆಫ್" ಆಗಿದೆಯಾ ನೋಡಿ. ಹೊಸ ಆವೃತ್ತಿಗಳಲ್ಲಿ ಪಲ್ಸ್ ಆಡಿಯೋ ಬದಲು ಪೈಪ್‌ವೈರ್ ಬಂದಿದೆ. ಆದ್ರೂ ಈ ತಂತ್ರಾಂಶ ಅದರ ಜೊತೆಗೂ ನಡೆಯುತ್ತೆ.

ಇಲ್ಲಿ ಎಲ್ಲ ಸರಿ ಇದ್ರೆ ಆಲ್ಸಾಮಿಕ್ಸರ್ ತೆರೆಯಿರಿ. ಆಜ್ಞೆ ಎ ಎಲ್ ಎಸ್ ಎ ಎಂ ಐ ಎಕ್ಸ್ ಇ ಆರ್. ಪರದೆ ಮೇಲೆ ನಿಂತ ಕಂಬಗಳು ಕಾಣುತ್ತವೆ. ಎಫ್6 ಒತ್ತಿ ಬೋರ್ಡಿನ ಕಾರ್ಡ್ ಆರಿಸಿ. ಮಾಸ್ಟರ್, ಫ್ರಂಟ್, ಸ್ಪೀಕರ್, ಹೆಡ್‌ಫೋನ್ ಕಂಬಗಳ ಬುಡದಲ್ಲಿ ಎಂಎಂ ಅಂತಿದ್ರೆ ಬಾಯಿ ಮುಚ್ಚಿಸಿದ್ದಾರೆ ಅಂತ. ಆ ಕಂಬಕ್ಕೆ ಹೋಗಿ ಎಂ ಒತ್ತಿದ್ರೆ ತೆರೆಯುತ್ತೆ. ಮೇಲಿನ ಬಾಣದ ಕೀಲಿ ಒತ್ತಿ ವಾಲ್ಯೂಮ್ ಏರಿಸಿ. "ಆಟೋ ಮ್ಯೂಟ್" ಅನ್ನೋದು ಇದ್ರೆ ಅದನ್ನ "ಡಿಸೇಬಲ್ಡ್" ಮಾಡಿ ನೋಡಿ. ಮುಂದಿನ ತೂತಿನ ಸೆನ್ಸರ್ ಹಾಳಾಗಿ, ಹೆಡ್‌ಫೋನ್ ಚುಚ್ಚಿದ್ದಾರೆ ಅಂತ ತಪ್ಪು ತಿಳ್ಕೊಂಡು ಹಿಂದಿನ ಸ್ಪೀಕರ್ ಮುಚ್ಚೋದುಂಟು. ಕೊನೆಗೆ ಎಸ್ಕೇಪ್ ಒತ್ತಿ ಹೊರಗೆ ಬನ್ನಿ.

ಮೈಕ್ ಬರದಿದ್ರೆ ಇದೇ ಕಿಟಕೀಲಿ ಎಫ್4 ಒತ್ತಿ. ಕ್ಯಾಪ್ಚರ್ ಕಂಬಗಳು ಬರುತ್ತವೆ. ಕಂಬದ ಮೇಲೆ ನಿಂತು ಸ್ಪೇಸ್ ಬಾರ್ ಒತ್ತಿದ್ರೆ ಮೈಕ್ ತೆರೆಯುತ್ತೆ. ಮೊಬೈಲಿನ ಮೈಕ್ ಇರೋ ಇಯರ್‌ಫೋನನ್ನ ಡೆಸ್ಕ್‌ಟಾಪಿನ ಗುಲಾಬಿ ತೂತಿಗೆ ಹಾಕಿ ಮೈಕ್ ಬರಲ್ಲ ಅನ್ನೋರು, ಪಿನ್ ಮೇಲೆ ಎಷ್ಟು ಕಪ್ಪು ಗೆರೆ ಇದೆ ಎಣಿಸಿ. ಮೂರು ಗೆರೆ ಇದ್ರೆ ಅದು ಮೈಕ್, ಸ್ಪೀಕರ್ ಎರಡೂ ಒಂದೇ ಪಿನ್‌ನಲ್ಲಿರೋದು. ಬೇರೆ ಬೇರೆ ತೂತಿನ ಡೆಸ್ಕ್‌ಟಾಪಿಗೆ ಅದನ್ನ ಎರಡಾಗಿ ಕವಲೊಡೆಸೋ ಸಣ್ಣ ಕೇಬಲ್ ಬೇಕು.

ನಿಜವಾಗ್ಲೂ ಚಿಪ್ ಹೋಗಿದ್ರೆ?

ಬಯೋಸಲ್ಲಿ ಆನ್ ಇದ್ದೂ ಮೊದಲ ಪ್ರಶ್ನೇಲಿ ಕಾರ್ಡ್ ಕಾಣಲಿಲ್ಲ ಅಂದ್ರೂ ಬೋರ್ಡ್ ಬದಲಿಸೋ ಅವಸರ ಬೇಡ. ಪೆನ್‌ಡ್ರೈವ್ ಗಾತ್ರದ ಯುಎಸ್‌ಬಿ ಸೌಂಡ್ ಕಾರ್ಡ್ ಕೆಲವೇ ನೂರು ರೂಪಾಯಿಗೆ ಸಿಗುತ್ತೆ. ಇವು ಬಹುತೇಕ ಯುಎಸ್‌ಬಿ ಆಡಿಯೋ ಅನ್ನೋ ಸಾಮಾನ್ಯ ಮಾನದಂಡ ಪಾಲಿಸುತ್ತವೆ. ಹಾಗಾಗಿ ಯಾವ ಕಂಪನಿಯದ್ದಾದ್ರೂ ಎಸ್‌ಎನ್‌ಡಿ ಯುಎಸ್‌ಬಿ ಆಡಿಯೋ ಅನ್ನೋ ಒಂದೇ ಡ್ರೈವರಿಗೆ ಹೊಂದಿಕೊಳ್ಳುತ್ತವೆ. ಚುಚ್ಚಿದ ಮೇಲೆ ಔಟ್‌ಪುಟ್ ಪಟ್ಟೀಲಿ ಅದನ್ನ ಆರಿಸಿದ್ರೆ ಆಯ್ತು. ಕೊಳ್ಳೋ ಮುಂಚೆ ಅಂಗಡೀಲಿ ಒಂದು ಮಾತು ಕೇಳಿ: "ಸಿಡಿ ಹಾಕದೆ, ಚುಚ್ಚಿದ ಕೂಡಲೇ ನಡೆಯುತ್ತಾ?" ನಡೆಯುತ್ತೆ ಅಂದ್ರೆ ಅದು ಈ ಮಾನದಂಡದ್ದೇ ಆಗಿರೋ ಸಂಭವ ಹೆಚ್ಚು.

ಇವನ್ನ ಮಾಡಬೇಡಿ

ರಿಯಲ್‌ಟೆಕ್ ಡ್ರೈವರ್ ಅಂತ ಎಲ್ಲೆಲ್ಲಿಂದಲೋ ಇಎಕ್ಸ್‌ಇ ಫೈಲ್ ಇಳಿಸಬೇಡಿ. ಅದು ವಿಂಡೋಸಿಗೆ ಮಾಡಿದ್ದು, ಲಿನಕ್ಸಿಗೆ ಸೌಂಡ್ ಕೊಡಲ್ಲ.

ಯಾವುದೋ ವಿಡಿಯೋದಲ್ಲಿ ಹೇಳಿದ್ರು ಅಂತ ಸುಡೊ ಅನ್ನೋ ಪದದಿಂದ ಶುರುವಾಗೋ ಉದ್ದದ ಆಜ್ಞೆ ಹಾಕಬೇಡಿ. ಸುಡೊ ಅಂದ್ರೆ ಕಂಪ್ಯೂಟರಿನ ಯಜಮಾನನ ಸಹಿ ಇದ್ದ ಹಾಗೆ. ಓದದೆ ಸಹಿ ಹಾಕಬಾರದು. ಮೇಲೆ ಹೇಳಿರೋ ಒಂದು ಪರೀಕ್ಷೆಗೂ ಅದು ಬೇಕಿಲ್ಲ.

ಸೌಂಡ್ ಬರಲಿಲ್ಲ ಅಂತ ಒಂದೇ ದಿನ ಹತ್ತು ಬದಲಾವಣೆ ಮಾಡಬೇಡಿ. ಒಂದು ಮಾಡಿ, ರೀಸ್ಟಾರ್ಟ್ ಮಾಡಿ, ನೋಡಿ. ಆಗ ಯಾವುದರಿಂದ ಸರಿ ಹೋಯ್ತು ಅಂತ ಗೊತ್ತಿರುತ್ತೆ.

ಸೌಂಡ್ ಒಂದೇ ನೋಡಿ ಲಿನಕ್ಸಿಗೆ ಹೋಗೋ ತೀರ್ಮಾನವೂ ಬೇಡ. ಆನ್‌ಲೈನ್ ಸೆಂಟರಿನವರು ತಮ್ಮ ಬೆರಳಚ್ಚು ಯಂತ್ರ ಲಿನಕ್ಸಲ್ಲಿ ನಡೆಯುತ್ತಾ ಅಂತ ಮೊದಲು ಖಚಿತ ಮಾಡ್ಕೊಳ್ಳಿ. ಡಿಟಿಪಿ ಮಾಡೋರು ನುಡಿ, ಫೋಟೋಶಾಪ್ ಫೈಲುಗಳ ಬಗ್ಗೆ ಯೋಚಿಸಿ. ಕನ್ನಡ ಟೈಪಿಂಗಿಗೆ ಲಿನಕ್ಸಲ್ಲಿ ಕಗಪ ಕೀಲಿಮಣೆ ವಿನ್ಯಾಸ ಇದೆ, ಯೂನಿಕೋಡ್ ಬರಹಕ್ಕೆ ಅಡ್ಡಿ ಇಲ್ಲ. ಹಳೇ ನುಡಿ ಫಾಂಟಿನ ಕಡತಗಳ ಮಾತು ಬೇರೆ.

ಲಿನಕ್ಸ್ ನಮಗೆ ಹೊಸಬನಲ್ಲ

ಇದು ಬರೀ ಕಂಪ್ಯೂಟರ್ ಹುಚ್ಚರ ವ್ಯವಹಾರ ಅನ್ನೋರಿಗೆ ಒಂದು ಮಾತು. ನಿಮ್ಮ ಕೈಲಿರೋ ಆಂಡ್ರಾಯ್ಡ್ ಮೊಬೈಲ್ ಓಡ್ತಿರೋದೂ ಲಿನಕ್ಸ್ ಕರ್ನಲ್ ಮೇಲೇ. ಕೇರಳದ ಸರ್ಕಾರಿ ಶಾಲೆಗಳಿಗೆ ಅಲ್ಲಿನ ಕೈಟ್ ಸಂಸ್ಥೆ ಉಬುಂಟು ಆಧರಿಸಿದ ಲಿನಕ್ಸ್ ತಯಾರು ಮಾಡಿ ಕೊಡುತ್ತೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಐಟಿ ಪಾಠ ಕಲಿಯೋದೂ ಅದರಲ್ಲೇ. ನಮ್ಮ ರಾಜ್ಯದಲ್ಲೂ ಡಿಎಸ್‌ಇಆರ್‌ಟಿ ಮತ್ತು ಐಟಿ ಫಾರ್ ಚೇಂಜ್ ಸೇರಿ ನಡೆಸಿದ ವಿಷಯ ಶಿಕ್ಷಕರ ವೇದಿಕೆ ತರಬೇತಿಗಳಲ್ಲಿ ಪ್ರೌಢಶಾಲಾ ಮೇಷ್ಟ್ರುಗಳು ಉಬುಂಟು ಬಳಸಿದ್ದಾರೆ. ನಿಮ್ಮ ಪರಿಚಯದ ಹೈಸ್ಕೂಲ್ ಮೇಷ್ಟ್ರು ಆ ತರಬೇತಿಗೆ ಹೋಗಿದ್ರೆ ಒಂದು ಮಾತು ಕೇಳಿ ನೋಡಬಹುದು.

ರಿಪೇರಿಗೆ ಕೊಡೋ ಮುಂಚೆ ಈ ಚೀಟಿ ಬರ್ಕೊಳ್ಳಿ

ಎಲ್ಲ ಮಾಡಿಯೂ ಸರಿ ಹೋಗಲಿಲ್ಲ, ಗೌರಿಬಿದನೂರಿಗೋ ಚಿಕ್ಕಬಳ್ಳಾಪುರಕ್ಕೋ ಪೆಟ್ಟಿಗೆ ಹೊತ್ಕೊಂಡು ಹೋಗಬೇಕು ಅಂದ್ರೆ, ಹೋಗೋ ಮುಂಚೆ ಐದು ವಿಷಯ ಬರೆದಿಟ್ಕೊಳ್ಳಿ.

1. ಕಂಪ್ಯೂಟರ್ ಕಂಪನಿ ಮತ್ತು ಮಾದರಿ, ಯಾವ ಲಿನಕ್ಸ್, ಯಾವ ಆವೃತ್ತಿ.
2. ಪಟ್ಟೀಲಿ ಕಂಡ ಆಡಿಯೋ ಸಾಲಿನ ನಂಬರ್. ಕಾಣದಿದ್ರೆ "ಕಾಣಲಿಲ್ಲ" ಅಂತ.
3. "ಕರ್ನಲ್ ಡ್ರೈವರ್ ಇನ್ ಯೂಸ್" ಮುಂದೆ ಇದ್ದ ಹೆಸರು.
4. ಮೂರನೇ ಪ್ರಶ್ನೇಲಿ ಕಾರ್ಡ್ ಬಂತಾ, "ನೋ ಸೌಂಡ್‌ಕಾರ್ಡ್ಸ್ ಫೌಂಡ್" ಬಂತಾ.
5. ಪೆನ್‌ಡ್ರೈವಿಂದ ಓಡಿಸಿದಾಗ ಸೌಂಡ್ ಬಂತಾ ಇಲ್ವಾ.

ಬರೆಯೋಕೆ ಬೇಜಾರಾದ್ರೆ ಪರದೆಯ ಫೋಟೋ ಮೊಬೈಲಲ್ಲಿ ತೆಗೆದುಕೊಂಡ್ರೂ ಸಾಕು. ಕೆಲಸ ಗೊತ್ತಿರೋರಿಗೆ ಈ ಐದು ಸಾಲಲ್ಲಿ ಎಲ್ಲಿ ಕೈ ಹಾಕಬೇಕು ಅಂತ ತಿಳಿಯುತ್ತೆ. ಎರಡನೇ ಸಾಲಲ್ಲಿ ನಂಬರ್ ಇದ್ದು, ಐದನೇ ಸಾಲಲ್ಲಿ "ಬಂತು" ಅಂತಿದ್ರೆ, ಬೋರ್ಡ್ ಬದಲಿಸಿ ಅಂತ ಯಾರಾದ್ರೂ ಹೇಳಿದಾಗ "ಯಾಕೆ?" ಅಂತ ಕೇಳೋ ಹಕ್ಕು ನಿಮಗಿದೆ.